ಬಜೆಟ್ ಸ್ಪೀಕರಿಗೆ ಎರಡೆರಡು ಜೊತೆ ವೈರ್ ಬೇಕೆ?

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯ ಚಾವಡಿಯಲ್ಲಿ ಎಂಟು ವರ್ಷಗಳಿಂದ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರುಗಳಿವೆ. ದುಬಾರಿಯವೇನಲ್ಲ. ಆದರೂ ಅವುಗಳ ಬೆನ್ನಿನಲ್ಲಿ ಎರಡರ ಬದಲು ನಾಲ್ಕು ಟರ್ಮಿನಲ್‌ಗಳಿವೆ: ಮೇಲಿನ ಜೊತೆ ಮೇಲ್‌ಸ್ಥಾಯಿಯ ಧ್ವನಿ ಹೊರಡಿಸುವ ಟ್ವೀಟರಿಗೆ, ಕೆಳಗಿನ ಜೊತೆ ಕೆಳಸ್ಥಾಯಿಯ ಧ್ವನಿ ಹೊರಡಿಸುವ ವೂಫರಿಗೆ, ಇವೆರಡನ್ನೂ ಸೇರಿಸಲು ನಡುವೆ ಚಿನ್ನದ ಬಣ್ಣದ ಎರಡು ಲೋಹದ ಪಟ್ಟಿಗಳು. ಈ ಪಟ್ಟಿಗಳನ್ನು ಬಿಚ್ಚಿ, ಆಂಪ್ಲಿಫೈಯರಿನಿಂದ ಟ್ವೀಟರಿಗೂ ವೂಫರಿಗೂ ಬೇರೆಬೇರೆ ವೈರ್ ಎಳೆಯುವುದಕ್ಕೆ ಬೈ-ವೈರಿಂಗ್ ಎನ್ನುತ್ತಾರೆ. ಹಾಗೆ ಮಾಡಿದರೆ ಧ್ವನಿ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿಸುತ್ತದೆಂದು ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಹೇಳಿದ್ದನ್ನು ನಂಬಿ, ಕಳೆದ ಆಗಸ್ಟಿನಲ್ಲಿ ನಾನು ಇನ್ನೂ ಆರು ಮೀಟರ್ ವೈರ್ ಕೊಂಡು ತಂದು ಜೋಡಿಸಿದೆ.

ಮೊದಲ ದಿನ ಕೇಳಿದಾಗ ನಿಜಕ್ಕೂ ಸಂತೋಷವಾಯಿತು. ಬಹಳ ಕಾಲದಿಂದ ಎಡಗಡೆಯ ಸ್ಪೀಕರು ಮಂಕಾಗಿತ್ತು, ಯಕ್ಷಗಾನದ ಧ್ವನಿಮುದ್ರಣ ಹಾಕಿದರೆ ಜಾಗಟೆಯ ನಾದ ಬಲಕ್ಕೆ ವಾಲಿದಂತೆ ಕೇಳುತ್ತಿತ್ತು. ಈಗ ಭಾಗವತರ ಧ್ವನಿ ಸರಿಯಾಗಿ ನಡುವೆ ನಿಂತಿತು, ಚೆಂಡೆಯ ಪೆಟ್ಟಿಗೆ ಮೊನಚು ಬಂತು. ಸುಮಾರು ಒಂದು ತಿಂಗಳು ಇದೆಲ್ಲ ಬೈ-ವೈರಿಂಗಿನ ಫಲವೆಂದೇ ತಿಳಿದಿದ್ದೆ, ಇಬ್ಬರು ಗೆಳೆಯರಿಗೂ ಹಾಗೆಯೇ ಹೇಳಿದ್ದೆ.

ನಿಜವಾದ ಕಾರಣ ಮೇಜಿನ ಖಾನೆಯಲ್ಲಿತ್ತು. ಬಿಚ್ಚಿಟ್ಟಿದ್ದ ಜಂಪರ್ ಪಟ್ಟಿಗಳನ್ನು ಒಂದು ದಿನ ಬೆಳಕಿಗೆ ಹಿಡಿದು ನೋಡಿದಾಗ, ಸ್ಕ್ರೂ ಒತ್ತಿ ಕೂರುವ ಜಾಗದಲ್ಲಿಯೇ ಚಿನ್ನದ ಲೇಪ ಸವೆದು ಒಳಗಿನ ಹಿತ್ತಾಳೆ ಕಪ್ಪಾಗಿತ್ತು, ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಕಡಲಿನ ಉಪ್ಪುಗಾಳಿ ಮನೆಯೊಳಗೂ ಸುಳಿಯುವ ಮಂಗಳೂರಿನಲ್ಲಿ ಇದು ಯಾವ ಕಂಪನಿಯ ತಪ್ಪೂ ಅಲ್ಲ, ಬಾಗಿಲಿನ ಚಿಲಕಕ್ಕೆ ಆಗುವುದೇ ಇದಕ್ಕೂ ಆಗಿದೆ. ನನ್ನ ವೈರ್ ಇದ್ದದ್ದು ಕೆಳಗಿನ ಟರ್ಮಿನಲ್‌ಗಳಿಗೆ, ಆದ್ದರಿಂದ ಟ್ವೀಟರಿಗೆ ಹೋಗುವ ಸಿಗ್ನಲ್ ಈ ಕಿಲುಬನ್ನು ದಾಟಿಕೊಂಡೇ ಹೋಗಬೇಕಿತ್ತು. ಪಟ್ಟಿಗಳನ್ನೂ ಟರ್ಮಿನಲ್‌ಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ ಒರೆಸಿ, ಬಗ್ಗದ ಕಲೆಯನ್ನು ಅತಿ ನಯವಾದ ಮರಳು ಕಾಗದದಿಂದ ತೆಗೆದು, ಮೊದಲಿನಂತೆ ಒಂದೇ ಜೊತೆ ವೈರಿನಲ್ಲಿ ಕೇಳಿದೆ. ಜಾಗಟೆ ನಡುವೆಯೇ ಉಳಿಯಿತು.

ಅಷ್ಟಕ್ಕೇ ತೀರ್ಮಾನಕ್ಕೆ ಬರಬಾರದೆಂದು ಇನ್ನೊಂದು ಪರೀಕ್ಷೆ ಮಾಡಿದೆ. ಎರಡೂ ಸ್ಪೀಕರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಒಂದಕ್ಕೆ ಬೈ-ವೈರಿಂಗ್, ಇನ್ನೊಂದಕ್ಕೆ ಸ್ವಚ್ಛಗೊಳಿಸಿದ ಪಟ್ಟಿಯೊಂದಿಗೆ ಒಂದೇ ವೈರ್ ಕೊಟ್ಟು, ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕಚೇರಿಯ ಧ್ವನಿಮುದ್ರಣವನ್ನು ಮೋನೋದಲ್ಲಿ, ಅಂದರೆ ಎರಡೂ ಸ್ಪೀಕರುಗಳಿಗೆ ಒಂದೇ ಸಿಗ್ನಲ್ ಹೋಗುವಂತೆ, ಹಾಕಿದೆ. ಆ ವಾದ್ಯದ ಮೂಲ ಸ್ವರಗಳು ವೂಫರಿನಲ್ಲಿಯೂ ಮೇಲಿನ ಅನುರಣನಗಳು ಟ್ವೀಟರಿನಲ್ಲಿಯೂ ಹಂಚಿಕೊಂಡು ಬರುವುದರಿಂದ ಎರಡರ ಹೊಂದಿಕೆ ಕೆಟ್ಟರೆ ಬೇಗ ಗೊತ್ತಾಗುತ್ತದೆ. ನಾನು ಬೆನ್ನು ತಿರುಗಿಸಿ ಕುಳಿತೆ, ಮಗ ಬ್ಯಾಲೆನ್ಸ್ ಗುಂಡಿಯನ್ನು ತನಗೆ ತೋಚಿದ ಕಡೆಗೆ ತಿರುಗಿಸಿದ, ಹತ್ತು ಸಲದ ಬಳಿಕ ಸ್ಪೀಕರುಗಳ ಸ್ಥಾನ ಬದಲಿಸಿದೆವು. 20 ಸಲದಲ್ಲಿ ನಾನು ಸರಿಯಾಗಿ ಗುರುತಿಸಿದ್ದು 11. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಬೈ-ವೈರಿಂಗಿನ ಹಿಂದಿರುವ ತರ್ಕ ಪೂರ್ತಿ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಪಟ್ಟಿ ತೆಗೆದ ಮೇಲೆ ಕ್ರಾಸ್‌ಓವರಿನ (ಸ್ಪೀಕರಿನೊಳಗೆ ಸಿಗ್ನಲನ್ನು ಟ್ವೀಟರಿಗೂ ವೂಫರಿಗೂ ಹಂಚುವ ಸರ್ಕ್ಯೂಟಿನ) ಕೆಪಾಸಿಟರ್ ಟ್ವೀಟರಿನ ಕಡೆಗೆ ಕೆಳಸ್ಥಾಯಿಯ ಕರೆಂಟನ್ನು ಬಿಡುವುದಿಲ್ಲ, ಇಂಡಕ್ಟರ್ ವೂಫರಿನ ಕಡೆಗೆ ಮೇಲ್‌ಸ್ಥಾಯಿಯದನ್ನು ಬಿಡುವುದಿಲ್ಲ, ಹಾಗಾಗಿ ಎರಡು ವೈರುಗಳಲ್ಲಿ ಹರಿಯುವ ಕರೆಂಟು ನಿಜವಾಗಿಯೂ ಬೇರೆಬೇರೆಯಾಗುತ್ತದೆ. ಒಂದೇ ವೈರ್ ಇದ್ದಾಗ ವೂಫರ್ ಎಳೆಯುವ ದೊಡ್ಡ ಕರೆಂಟಿನಿಂದ ವೈರಿನಲ್ಲಿ ಆಗುವ ವೋಲ್ಟೇಜ್ ಇಳಿತ ಟ್ವೀಟರಿಗೂ ತಟ್ಟುತ್ತದೆ, ಬೈ-ವೈರಿಂಗಿನಲ್ಲಿ ತಟ್ಟುವುದಿಲ್ಲ. ಪ್ರಶ್ನೆ ಇರುವುದು ಆ ಇಳಿತ ಎಷ್ಟು ಎಂಬುದರಲ್ಲಿ. 2.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 8 ಓಮ್ ಪ್ರತಿರೋಧ. ಮೂರು ಮೀಟರ್ ದೂರಕ್ಕೆ ಹೋಗಿ ಬರುವ ಆರು ಮೀಟರ್ ಲೆಕ್ಕ ಹಿಡಿದರೆ 0.048 ಓಮ್. 6 ಓಮಿನ ಸ್ಪೀಕರಿನ ಮುಂದೆ ಇದು ನೂರಕ್ಕೆ ಒಂದು ಭಾಗವೂ ಆಗದು, ನಷ್ಟ 0.07 ಡೆಸಿಬೆಲ್. ಹಾಡು ಕೇಳುತ್ತಿರುವಾಗ ಒಂದು ಡೆಸಿಬೆಲ್ ಏರಿಳಿತವನ್ನು ಹಿಡಿಯುವುದಕ್ಕೇ ಕಿವಿಗೊಟ್ಟು ಕೂರಬೇಕು. ಸ್ಪೀಕರಿನೊಳಗಿನ ಇಂಡಕ್ಟರಿನ ತಂತಿಯಲ್ಲಿಯೇ ಇದರ ಹಲವು ಪಟ್ಟು ಪ್ರತಿರೋಧವಿರುತ್ತದೆ, ಅದನ್ನು ಹೊರಗಿನ ಯಾವ ವೈರೂ ಕಡಿಮೆ ಮಾಡಲಾರದು. ಅದೇ ಎರಡು ಜೊತೆ ವೈರನ್ನು ಪಟ್ಟಿ ತೆಗೆಯದೆ ಒಟ್ಟಿಗೆ ಸೇರಿಸಿ ಜೋಡಿಸಿದರೆ ಪ್ರತಿರೋಧ ಅರ್ಧಕ್ಕೆ ಇಳಿಯುತ್ತದೆ, ಅಂದರೆ ದಪ್ಪ ವೈರ್ ಹಾಕಿದಂತಾಗುತ್ತದೆ. ಡೆನ್ಮಾರ್ಕಿನ ಡೈನಾಡಿಯೋದಂಥ ಹೆಸರಾಂತ ಕಂಪನಿ ತನ್ನ ದುಬಾರಿ ಸ್ಪೀಕರುಗಳಿಗೂ ಒಂದೇ ಜೊತೆ ಟರ್ಮಿನಲ್ ಕೊಡುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಹಣ ಖರ್ಚು ಮಾಡುವವರು ವೈರಿನ ಸಂಖ್ಯೆಗಿಂತ ವೈರಿನ ಜಾತಿ ನೋಡಬೇಕು. ನಾನು ತಂದ ಹೊಸ ವೈರಿನ ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಕೆಂಪು ಬಣ್ಣದ ಕೆಳಗೆ ಬೆಳ್ಳಿಯ ಬಣ್ಣ ಕಂಡಿತು. ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ತಾಮ್ರದ ವೈರ್ ಎಂದು ಕೇಳಿಯೇ ಕೊಂಡಿದ್ದೆ, ಅದಕ್ಕಾಗಿ ನನಗೆ ಬೇಸರವಾಯಿತು. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ಪ್ರತಿರೋಧ ಸುಮಾರು ಒಂದೂವರೆ ಪಟ್ಟು, ಮೇಲಾಗಿ ನಮ್ಮ ಹವೆಯಲ್ಲಿ ಕತ್ತರಿಸಿದ ತುದಿಗಳು ಬೇಗ ಹಾಳಾಗುತ್ತವೆ. ಅಂಗಡಿಯಲ್ಲಿಯೇ ತುದಿ ಕೆರೆದು ನೋಡಿ ಕೊಳ್ಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಧ್ವನಿಯನ್ನು ಕೆಡಿಸುವುದು ವೈರಿಗಿಂತ ಮುಖ್ಯವಾಗಿ ಕೋಣೆ. ನುಣುಪಾದ ಟೈಲ್ಸ್ ನೆಲ, ಬೋಳು ಗೋಡೆ, ದೊಡ್ಡ ಗಾಜಿನ ಕಿಟಕಿ ಇರುವ ಫ್ಲ್ಯಾಟಿನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಝಣಗುಟ್ಟಿ ಮರಳುತ್ತದೆ. ನಾನು ಸ್ಪೀಕರನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ತಂದು, ಟ್ವೀಟರ್ ಕಿವಿಯ ಮಟ್ಟಕ್ಕೆ ಬರುವಂತೆ ಮರದ ಸ್ಟ್ಯಾಂಡಿನ ಮೇಲೆ ಇರಿಸಿ, ಎದುರಿನ ನೆಲಕ್ಕೆ ಜಮಖಾನ ಹಾಸಿದಾಗ ಆದ ಬದಲಾವಣೆಯನ್ನು ಸಂಗೀತದಲ್ಲಿ ಆಸಕ್ತಿಯಿಲ್ಲದ ನೆರೆಯವರೂ ಗುರುತಿಸಿದರು. ಮದ್ದಳೆಯ ಗುಂಯ್‌ಗುಡುವಿಕೆ ಹೋಗಿ ಬೆರಳಿನ ಪೆಟ್ಟು ಕೇಳಿಸತೊಡಗಿತು.

ನಾಲ್ಕು ಟರ್ಮಿನಲ್ ಇದೆ ಎಂಬ ಕಾರಣಕ್ಕೆ ಒಂದು ಸ್ಪೀಕರನ್ನು ಆರಿಸಬೇಡಿ, ಬೈ-ವೈರಿಂಗಿಗೆಂದೇ ಮಾರುವ ಸಿದ್ಧ ಕೇಬಲಿಗೆ ದುಡ್ಡು ಹಾಕಬೇಡಿ. ಮನೆಯಲ್ಲಿ ವೈರ್ ಮಿಕ್ಕಿದ್ದು ಪ್ರಯತ್ನಿಸುವ ಆಸೆಯಿದ್ದರೆ ಹಾನಿಯೇನಿಲ್ಲ, ಪ್ಲಸ್ ಮೈನಸ್ ಅದಲುಬದಲಾಗದಂತೆ ನೋಡಿಕೊಂಡರೆ ಸಾಕು, ಏಕೆಂದರೆ ಒಂದು ಜೊತೆ ತಿರುಗಿದರೂ ಟ್ವೀಟರ್ ಮತ್ತು ವೂಫರ್ ಒಂದಕ್ಕೊಂದು ಎದುರಾಗಿ ಕೆಲಸ ಮಾಡಿ ನಡುಸ್ಥಾಯಿ ಕೆಡುತ್ತದೆ. ಟ್ವೀಟರಿಗೊಂದು, ವೂಫರಿಗೊಂದು ಎಂದು ಎರಡು ಆಂಪ್ಲಿಫೈಯರ್ ಜೋಡಿಸುವವರಂತೂ ಪಟ್ಟಿಯನ್ನು ತೆಗೆಯಲೇಬೇಕು, ಇಲ್ಲವಾದರೆ ಒಂದರ ಔಟ್‌ಪುಟ್ ಇನ್ನೊಂದಕ್ಕೆ ನೇರವಾಗಿ ತಗಲಿ ಎರಡೂ ಸುಟ್ಟುಹೋಗಬಹುದು.

ನನ್ನ ಸ್ಪೀಕರುಗಳಲ್ಲಿ ಈಗ ಆ ಪಟ್ಟಿಗಳಿಲ್ಲ. ಅವುಗಳ ಜಾಗದಲ್ಲಿ ನಾಲ್ಕು ಇಂಚು ಉದ್ದದ ಅಪ್ಪಟ ತಾಮ್ರದ ವೈರಿನ ತುಂಡುಗಳಿವೆ, ಆಂಪ್ಲಿಫೈಯರಿನಿಂದ ಒಂದೇ ಜೊತೆ ವೈರ್ ಬರುತ್ತದೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಮತ್ತೆ ಅಕ್ಟೋಬರಿನಲ್ಲಿ ಒಮ್ಮೆ, ಸ್ಕ್ರೂ ಸಡಿಲಿಸಿ ತುದಿಗಳನ್ನು ಅರ್ಧ ಇಂಚು ಕತ್ತರಿಸಿ ಹೊಸದಾಗಿ ಸುಲಿದು ಬಿಗಿಯುವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.