ಅಯೋಡಿನ್, ಬಿಸಿ ಮತ್ತು ಎರಡು ಪಾಲಿಮರ್: ಗಂಜಿಯೋ, ಪಿವಿಎಯೋ?

ಗಂಜಿಗೆ ಟಿಂಚರ್ ಅಯೋಡಿನ್ ಬಿದ್ದರೆ ಕಡುನೀಲಿ. ಇದು ಎಲ್ಲರಿಗೂ ಗೊತ್ತು. ಅದನ್ನೇ ಬಿಸಿ ಮಾಡಿ ನೋಡಿದ್ದೀರಾ? ಮಕ್ಕಳಿಗೆ ತೋರಿಸೋಣ ಅಂತ ನಾನು ಎರಡು ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣುಗಳಿರುವ ವಸ್ತು, ಹಿಡಿದು ಕೂತೆ. ಒಂದು ಅನ್ನ ಬಸಿದ ಗಂಜಿ, ಇನ್ನೊಂದು ಕಾರ್ಖಾನೆಯ ಪಾಲಿವಿನೈಲ್ ಆಲ್ಕೋಹಾಲ್, ಅಂದರೆ ಪಿವಿಎ.

ಗಂಜಿ ಸುಲಭ. ನೀರು ಬೆರೆಸಿ ತೆಳು ಮಾಡಿ, ಎರಡು ಹನಿ ಅಯೋಡಿನ್ ಹಾಕಿ, ಟ್ಯೂಬನ್ನು ಬಿಸಿನೀರಿನಲ್ಲಿ ಇಟ್ಟೆ. ನೀಲಿ ಮಸುಕಾಗುತ್ತಾ ಹೋಗಿ ಕೊನೆಗೆ ಮಾಯ! ತಣ್ಣೀರಿಗೆ ಇಳಿಸಿದರೆ ತಳದಿಂದ ಮತ್ತೆ ಬಂತು. ಗಂಜಿಯ ಪಿಷ್ಟದಲ್ಲಿರುವ ಅಮೈಲೋಸ್ ಎಂಬ ಸರಪಳಿ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುತ್ತದೆ, ಅದರ ಟೊಳ್ಳಿನಲ್ಲಿ ಅಯೋಡಿನ್ ಸಾಲಾಗಿ ಕೂರುತ್ತದೆ. ಬಿಸಿಗೆ ಸುರುಳಿ ಸಡಿಲವಾದರೆ ಅಯೋಡಿನ್ ಹೊರಬೀಳುತ್ತದೆ, ಬಣ್ಣವೂ ಹೋಗುತ್ತದೆ. ಒಮ್ಮೆ ಫೋನ್ ಬಂತು ಅಂತ ಕುದಿಯಲು ಬಿಟ್ಟು ಹೋದೆ. ಆಮೇಲೆ ಎಷ್ಟು ತಣಿಸಿದರೂ ನೀಲಿ ಬರಲಿಲ್ಲ. ಅಯೋಡಿನ್ ಆವಿಯಾಗಿ ಹೋಗಿತ್ತು. ಇನ್ನೊಂದು ಹನಿ ಹಾಕಿದ ಕೂಡಲೇ ಬಂತು. ಪಿಷ್ಟದ ತಪ್ಪೇನೂ ಇರಲಿಲ್ಲ, ಪಾಪ.

ಪಿವಿಎ ಸತಾಯಿಸಿತು. ಮೊದಲು ಅಂಗಡಿಯ ಬಿಳಿ ಅಂಟು ತಂದೆ, ಅದು ಬೇರೆಯದೇ: ಪಾಲಿವಿನೈಲ್ ಅಸಿಟೇಟ್. ನಿಜವಾದ ಪಿವಿಎ ಪುಡಿ ತಣ್ಣೀರಿನಲ್ಲಿ ಗಂಟುಗಂಟಾಯಿತು, ಬಿಸಿನೀರಿನಲ್ಲಿ ಕಲಕುತ್ತಾ ಕೂರಬೇಕಾಯಿತು. ಅಯೋಡಿನ್ ಹಾಕಿದರೆ ಬರೀ ಕಂದು. ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಚಿಟಿಕೆ ಬೆರೆಸಿದ ಮೇಲೆ ನೀಲಿ ಬಂತು. ಆದರೆ ಗಂಜಿಗಿಂತ ಕಡಿಮೆ ಬಿಸಿಗೇ ಮಸುಕಾಯಿತು, ತಣಿದಾಗ ವಾಪಸ್ ಬಂದದ್ದೂ ನಿಧಾನವಾಗಿ. ತರಗತಿಗೆ ಗಂಜಿಯೇ ಸಾಕು.

ಪಿವಿಎ ಗೆದ್ದದ್ದು ಒಣಗಿದ ಮೇಲೆ. ಹಾಳೆ ಮಾಡಿ ಎಳೆದು ಉದ್ದ ಮಾಡಿದರೆ ಅಯೋಡಿನ್ ಎಳೆದ ದಿಕ್ಕಿಗೇ ಸಾಲು ಹಿಡಿಯುತ್ತದೆ. 1938ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಲ್ಯಾಂಡ್ ಇದರಿಂದಲೇ ಪೋಲರೈಸರ್ ಹಾಳೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ, ಮಾಡಿದರು. ಎಲ್‌ಸಿಡಿ ಪರದೆಗಳಲ್ಲಿ ಇವತ್ತಿಗೂ ಇರುವುದು ಬಹುತೇಕ ಇದೇ, ಜಾಸ್ತಿ ಬಿಸಿ ಮತ್ತು ತೇವ ಸೇರಿದರೆ ಅದು ಕೆಡುವುದೂ ಅಯೋಡಿನ್ ಹೊರಟುಹೋಗುವುದರಿಂದ.

ಸುಮ್ನೆ ಕುತೂಹಲಕ್ಕೆ ಎರಡು ಚೂರು ಪಿವಿಎ ಹಾಳೆಯನ್ನು ಹಳೇ ಕಾವಲಿಯ ಮೇಲೆ ಇಟ್ಟೆ. ಖಾಲಿ ಹಾಳೆ ನಿಧಾನವಾಗಿ ಹಳದಿಯಾಯಿತು. ಅಯೋಡಿನ್ ಇದ್ದದ್ದು ಬೇಗ ಕಪ್ಪಾಯಿತು, ಯಾಕೆಂದರೆ ಸರಪಳಿಯಿಂದ ನೀರು ಕಳಚಿಕೊಳ್ಳಲು ಅಯೋಡಿನ್ ನೆರವಾಗುತ್ತದೆ. ನೀವೂ ಮಾಡುವುದಾದರೆ ಕಿಟಕಿ ತೆರೆದಿಡಿ. ನೇರಳೆ ಹೊಗೆ ಎದ್ದರೆ ಅದು ಅಯೋಡಿನ್, ಮೂಸಬೇಡಿ.