ಆರ್ಗ್ ಬೇಬೆಲ್, ದೀರ್ಘ ಬಳಕೆಯ ನಂತರ: ಟ್ಯಾಂಗಲ್ ಸಲೀಸು, ಡೀಟ್ಯಾಂಗಲ್ ಜೋಪಾನ

ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಆರ್ಗ್ ಕಡತದಲ್ಲಿ ವಿವರಣೆ, ಕೋಡ್ ಎರಡನ್ನೂ ಒಟ್ಟಿಗೆ ಬರೆದು, ಆರ್ಗ್ ಬೇಬೆಲ್ ಮೂಲಕ ಅಲ್ಲಿಂದ ಸೋರ್ಸ್ ಫೈಲ್ ತೆಗೆಯುವುದು (ಇದೇ ಟ್ಯಾಂಗಲ್) ಹೇಗೆಂದು ಇದನ್ನು ಓದುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಸೆಟಪ್ ಬಿಟ್ಟು, ನಿತ್ಯ ಬಳಸುವಾಗ ಏನಾಗುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಟ್ಯಾಂಗಲ್ ಬಗ್ಗೆ ದೂರಿಲ್ಲ. ಬ್ಲಾಕ್ (ಆರ್ಗ್ ಕಡತದೊಳಗಿನ ಒಂದು ಕೋಡ್ ತುಣುಕು) ತಿದ್ದಿ, ಕಂಟ್ರೋಲ್-ಸಿ, ಕಂಟ್ರೋಲ್-ವಿ, ಟಿ ಒತ್ತಿದರೆ ಇಷ್ಟು ಬ್ಲಾಕ್ ಹೊರಬಂದವು ಎಂದು ಕೆಳಗೆ ಒಂದು ಸಾಲು ಕಾಣಿಸುತ್ತದೆ, ಕೆಲಸ ಮುಗಿಯಿತು. ದೊಡ್ಡ ಕಡತವಾದರೆ ಮೊದಲು ಕಂಟ್ರೋಲ್-ಯು ಎರಡು ಸಲ ಒತ್ತಿ: ಕರ್ಸರ್ ಇರುವ ಬ್ಲಾಕ್ ಯಾವ ಫೈಲಿಗೆ ಸೇರಿದ್ದೋ ಅದೊಂದೇ ಫೈಲ್ ಹೊಸದಾಗುತ್ತದೆ. ಒಂದೇ ಸಲ ಒತ್ತಿದರೆ ಆ ಒಂದು ಬ್ಲಾಕ್ ಮಾತ್ರ ಹೋಗುತ್ತದೆ, ಗುರಿ ಫೈಲಿನಲ್ಲಿ ಉಳಿದದ್ದೆಲ್ಲ ಮಾಯ. ಐದು ಬ್ಲಾಕ್ ಸೇರಿ ಆಗಬೇಕಾದ ಫೈಲಿಗೆ ಇದನ್ನು ಮಾಡಬೇಡಿ. ಇನ್ನೊಂದು: ಕಡತದ ತಲೆಯಲ್ಲಿರುವ ಪ್ರಾಪರ್ಟಿ ಸಾಲಿನಲ್ಲಿ ಹೆಡರ್ ಆರ್ಗ್ಯುಮೆಂಟ್ (ಬ್ಲಾಕುಗಳಿಗೆ ಅನ್ವಯಿಸುವ ಸೆಟ್ಟಿಂಗ್) ಬದಲಿಸಿದರೆ, ಆ ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಎರಡು ಬಾರಿ ಒತ್ತಲೇಬೇಕು. ಇಲ್ಲದಿದ್ದರೆ ಹಳೆಯ ಸೆಟ್ಟಿಂಗೇ ಮುಂದುವರಿಯುತ್ತದೆ, ಟ್ಯಾಂಗಲ್ ಕೆಟ್ಟಿದೆ ಎಂದು ಸುಮ್ಮನೆ ತಲೆ ಕೆಡಿಸಿಕೊಳ್ಳುವ ಹಾಗಾಗುತ್ತದೆ.

ನಿರೀಕ್ಷಿಸದೆ ಸಿಕ್ಕ ಸುಖ ಎಂದರೆ ಜಂಪ್-ಟು-ಆರ್ಗ್. ಪೈಥಾನ್ ದೋಷ ಬಂದಾಗ ಟ್ರೇಸ್‌ಬ್ಯಾಕ್ ತೋರಿಸುವುದು ಹೊರಬಂದ ಫೈಲಿನ ಸಾಲನ್ನು, ಆರ್ಗ್ ಕಡತದ ಸಾಲನ್ನಲ್ಲ. ಆ ಸಾಲಿಗೆ ಹೋಗಿ ಆರ್ಗ್-ಬೇಬೆಲ್-ಟ್ಯಾಂಗಲ್-ಜಂಪ್-ಟು-ಆರ್ಗ್ ಕೊಟ್ಟರೆ ಕರ್ಸರ್ ನೇರ ಮೂಲ ಬ್ಲಾಕಿಗೆ ಬಂದು ಕೂರುತ್ತದೆ, ಪಕ್ಕದಲ್ಲೇ ಆ ಕೋಡ್ ಯಾಕೆ ಹಾಗಿದೆ ಎಂಬ ವಿವರಣೆ. ಇಂಥದ್ದೇ ಹಳೆಯ ಸಾಧನ ನೋವೆಬ್‌ನಲ್ಲಿ, ಟ್ಯಾಂಗಲ್ ಮಾಡುವ ನೋಟ್ಯಾಂಗಲ್ ಆಜ್ಞೆಗೆ ಹೈಫನ್-ಎಲ್ ಕೊಟ್ಟರೆ ಸಿ ಕಂಪೈಲರೇ ಮೂಲ ಕಡತದ ಸಾಲನ್ನು ಹೇಳುತ್ತಿತ್ತು. ಆರ್ಗ್‌ನಲ್ಲಿ ಆ ಸೌಕರ್ಯ ಇಲ್ಲ, ಆದರೆ ಜಂಪ್ ಅಭ್ಯಾಸವಾದ ಮೇಲೆ ಅದರ ಕೊರತೆ ಕಾಡುವುದಿಲ್ಲ. ಒಂದು ಷರತ್ತು: ಕಾಮೆಂಟ್ಸ್ ಆರ್ಗ್ಯುಮೆಂಟಿಗೆ ಲಿಂಕ್ ಎಂಬ ಮೌಲ್ಯ ಕೊಟ್ಟಿರಬೇಕು. ಆಗ ಪ್ರತಿ ಬ್ಲಾಕಿನ ಮೇಲೆ ಮೂಲ ಕಡತದ ಕೊಂಡಿ ಇರುವ ಕಮೆಂಟ್ ಸಾಲು, ಕೆಳಗೆ 'ಎಂಡ್ಸ್ ಹಿಯರ್' ಎಂಬ ಇನ್ನೊಂದು ಸಾಲು ಬರುತ್ತವೆ.

ಇಲ್ಲಿಯವರೆಗೆ ಐದಕ್ಕೆ ಐದು. ತೊಂದರೆ ಶುರುವಾಗುವುದು ಉಲ್ಟಾ ದಾರಿಯಲ್ಲಿ, ಅಂದರೆ ಹೊರಬಂದ ಫೈಲಿನ ತಿದ್ದುಪಡಿ ಆರ್ಗ್ ಕಡತಕ್ಕೆ ವಾಪಸ್ ಬರುವಾಗ.

ಡೊನಾಲ್ಡ್ ನೂತ್ 1984ರಲ್ಲಿ ಲಿಟರೇಟ್ ಪ್ರೋಗ್ರಾಮಿಂಗ್ (ವಿವರಣೆ, ಕೋಡ್ ಒಟ್ಟಿಗೆ ಬರೆಯುವ ಪದ್ಧತಿ) ಬಗ್ಗೆ ಬರೆದಾಗ ಈ ಪ್ರಶ್ನೆಯೇ ಇರಲಿಲ್ಲ. ಅವರ ಟ್ಯಾಂಗಲ್ ಉಗುಳುತ್ತಿದ್ದ ಪ್ಯಾಸ್ಕಲ್ ಮನುಷ್ಯರು ಓದುವಂತೆಯೇ ಇರಲಿಲ್ಲ, ತಿದ್ದುವ ಮಾತೆಲ್ಲಿ? ಈಗ ಹೊರಬರುವುದು ಚೊಕ್ಕ ಫೈಲ್. ಡಿಬಗರ್ ಅಲ್ಲೇ ನಿಲ್ಲುತ್ತದೆ, ಜೊತೆಗೆ ಕೆಲಸ ಮಾಡುವವರು ಅದನ್ನೇ ತೆರೆದು ತಿದ್ದುತ್ತಾರೆ. ಆ ತಿದ್ದುಪಡಿಯನ್ನು ಆರ್ಗ್ ಕಡತಕ್ಕೆ ವಾಪಸ್ ಒಯ್ಯಲು ಇರುವುದು ಡೀಟ್ಯಾಂಗಲ್. ಅದು ನೆಚ್ಚಿಕೊಂಡಿರುವುದು ಆ ಎರಡು ಕಮೆಂಟ್ ಸಾಲುಗಳನ್ನು ಮಾತ್ರ. ಎರಡೂ ಕಡೆಯ ಹಳೆಯ ರೂಪವನ್ನು ಹೋಲಿಸಿ ನೋಡುವ ಪದ್ಧತಿ ಅದಕ್ಕಿಲ್ಲ.

ಹೆಸರಿಲ್ಲದ ಬ್ಲಾಕಿಗೆ ಆರ್ಗ್ ಕೊಡುವ ಗುರುತು ಶೀರ್ಷಿಕೆ ಮತ್ತು ಕ್ರಮಸಂಖ್ಯೆ: 'ಸಂರಚನೆ:1', 'ಸಂರಚನೆ:2'. ಈಗ 'ಸಂರಚನೆ' ಶೀರ್ಷಿಕೆಯ ಕೆಳಗೆ ಮೇಲ್ಗಡೆಯೇ ಹೊಸ ಬ್ಲಾಕ್ ಸೇರಿಸಿದಿರಿ, ಟ್ಯಾಂಗಲ್ ಮಾಡಲಿಲ್ಲ ಎಂದಿಟ್ಟುಕೊಳ್ಳಿ. ಅತ್ತ ಪೈಥಾನ್ ಫೈಲಿನಲ್ಲಿ ಯಾರೋ ಒಂದು ಸಾಲು ಸರಿಪಡಿಸಿ ಡೀಟ್ಯಾಂಗಲ್ ಕೊಟ್ಟರು. 'ಸಂರಚನೆ:1' ಎಂದು ಗುರುತಿದ್ದ ಹಳೆಯ ಕೋಡ್ ನೀವು ಆಗಷ್ಟೇ ಬರೆದ ಹೊಸ ಬ್ಲಾಕಿನ ಮೇಲೆ ಕೂರುತ್ತದೆ, ಎರಡನೆಯದು ಮೊದಲಿನದರ ಜಾಗಕ್ಕೆ ಬರುತ್ತದೆ, ಹೀಗೇ ಸಾಲಾಗಿ. ಎಚ್ಚರಿಕೆಯ ಸದ್ದಿಲ್ಲ. ಇಷ್ಟು ಬ್ಲಾಕ್ ಡೀಟ್ಯಾಂಗಲ್ ಆಯಿತು ಎಂಬ ಸಂದೇಶ ಮಾತ್ರ ಎಂದಿನಂತೆ ಬರುತ್ತದೆ. ಆ ಸಂಖ್ಯೆ ಬದಲಾದ ಬ್ಲಾಕುಗಳದ್ದಲ್ಲ, ಹಾದುಹೋದ ಎಲ್ಲ ಬ್ಲಾಕುಗಳದ್ದು. ಅದನ್ನು ನೋಡಿ ಏನೂ ತಿಳಿಯುವುದಿಲ್ಲ.

ಒಂದೇ ಹೆಸರಿನ ಎರಡು ಶೀರ್ಷಿಕೆ ಇದ್ದರೂ ಇದೇ ಪಾಡು. ಹುಡುಕಾಟ ಮೊದಲು ಸಿಕ್ಕಿದ್ದಕ್ಕೆ ನಿಲ್ಲುತ್ತದೆ. ನೋವೆಬ್ ಶೈಲಿಯ ಉಲ್ಲೇಖಗಳಿರುವ (ಇನ್ನೊಂದು ಬ್ಲಾಕಿನ ಕೋಡನ್ನು ಹೆಸರು ಹೇಳಿ ಕರೆಯುವ) ಬ್ಲಾಕಿನದು ಬೇರೆ ಕಥೆ: ಹೊರಹೋಗುವಾಗ ಉಲ್ಲೇಖದ ಜಾಗದಲ್ಲಿ ಪೂರ್ತಿ ಕೋಡ್ ಬಿಡಿಸಿಕೊಂಡಿರುತ್ತದೆ, ವಾಪಸ್ ಬರುವಾಗ ಆ ಬಿಡಿಸಿದ ಕೋಡೇ ಬಂದು ಉಲ್ಲೇಖ ಅಳಿಸಿಹೋಗುತ್ತದೆ. ಒಂದೇ ತುಣುಕು ಎರಡು ಕಡೆ ಪ್ರತಿಯಾಗಿ ಉಳಿಯುತ್ತದೆ. ಅದನ್ನು ತಪ್ಪಿಸಲೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು!

ಕೋಡನ್ನು ಓರಣಗೊಳಿಸುವ ಫಾರ್ಮ್ಯಾಟರ್‌ಗಳು ಇನ್ನೊಂದು ತಲೆನೋವು. ಪೈಥಾನ್‌ನ ಐಸಾರ್ಟ್ ಇಂಪೋರ್ಟ್ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಮೇಲಿನ ಕಮೆಂಟನ್ನೂ ಜೊತೆಗೆ ಎತ್ತಿಕೊಂಡು ಹೋಗುತ್ತದೆ. ಶುರುವಿನ ಗುರುತು ಒಂದು ಕಡೆ, ಮುಗಿದ ಗುರುತು ಮತ್ತೊಂದು ಕಡೆ. ಹಾಗಾಗಿ ಫಾರ್ಮ್ಯಾಟರನ್ನು ಹೊರಬಂದ ಫೈಲಿನ ಮೇಲೆ ಓಡಿಸಬೇಡಿ. ಬ್ಲಾಕಿನೊಳಗೆ ಕಂಟ್ರೋಲ್-ಸಿ, ಒಂಟಿ ಉದ್ಧರಣ ಚಿಹ್ನೆ ಒತ್ತಿ ತೆರೆಯುವ ಎಡಿಟ್ ಬಫರಿನಲ್ಲೇ ಓಡಿಸಿ. ಜೇಸನ್‌ಗಂತೂ ಕಮೆಂಟೇ ಇಲ್ಲ, ಅದರ ವಾಪಸ್ ದಾರಿ ಮರೆತುಬಿಡಿ.

ಇಷ್ಟಾದರೂ ಬಿಟ್ಟು ಹೋಗಿಲ್ಲ, ಯಾಕೆಂದರೆ ಇದರಲ್ಲಿ ಹೆಚ್ಚಿನದಕ್ಕೆ ಮದ್ದು ಒಂದೇ ಸಾಲಿನದು. ಪ್ರತಿ ಬ್ಲಾಕಿನ ಮೇಲೆ ನೇಮ್ ಸಾಲು ಬರೆಯಿರಿ. ಹೆಸರಿದ್ದರೆ ಗುರುತು ಶೀರ್ಷಿಕೆ-ಸಂಖ್ಯೆಯದಲ್ಲ, ಆ ಹೆಸರಿನದೇ. ಬ್ಲಾಕ್ ಮೇಲೆ ಕೆಳಗೆ ಸರಿದರೂ, ಶೀರ್ಷಿಕೆ ಬದಲಾದರೂ ಅದು ಸರಿಯಾದ ಜಾಗಕ್ಕೇ ಹೋಗುತ್ತದೆ. ಉಲ್ಲೇಖಗಳಿರುವ ಬ್ಲಾಕಿಗೆ ಮಾತ್ರ ಕಾಮೆಂಟ್ಸ್ ನೋ ಎಂದು ಕೊಟ್ಟು ಡೀಟ್ಯಾಂಗಲ್‌ನ ಕಣ್ಣಿಗೆ ಬೀಳದಂತೆ ಇಡಿ. ಡೀಟ್ಯಾಂಗಲ್‌ಗೆ ಮೊದಲು ಆರ್ಗ್ ಕಡತವನ್ನು ಗಿಟ್‌ಗೆ (ಬದಲಾವಣೆಗಳ ದಾಖಲೆ ಇಡುವ ಸಾಧನ) ಕಮಿಟ್ ಮಾಡಿ, ಆದ ಮೇಲೆ ಡಿಫ್ (ಏನು ಬದಲಾಯಿತು ಎಂಬ ಪಟ್ಟಿ) ನೋಡಿ. ಮುಟ್ಟದ ಬ್ಲಾಕ್ ಡಿಫ್‌ನಲ್ಲಿ ಕಂಡರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಎರಡೂ ಕಡೆ ದಿನವಿಡೀ ತಿದ್ದುವ ತಂಡವಾದರೆ ಇದು ನಿಮಗಲ್ಲ. ಮಾರ್ಕ್‌ಡೌನ್‌ಗೆ ಇರುವ ಎಂಟ್ಯಾಂಗಲ್ಡ್ ಎಂಬ ಸಾಧನ ನೋಡಿ. ವಾಚ್ ಆಜ್ಞೆ ಕೊಟ್ಟರೆ ಎರಡೂ ಕಡೆ ಕಣ್ಣಿಟ್ಟು, ಹೊರಬಂದ ಫೈಲುಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಂಡು, ಎರಡೂ ಬದಲಾಗಿದ್ದರೆ ಸುಮ್ಮನೆ ಮೇಲೆ ಬರೆಯದೆ ನಿಲ್ಲುತ್ತದೆ. ಗುರುತಿನ ಕಮೆಂಟ್ ಅಲ್ಲೂ ಇದ್ದೇ ಇದೆ, ಫಾರ್ಮ್ಯಾಟರ್ ಕಾಟವೂ.

ಒಮ್ಮುಖವಾಗಿಯೇ ಇಟ್ಟುಕೊಳ್ಳುವವರು ಸಿಐನಲ್ಲಿ (ಕಮಿಟ್ ಆದಾಗ ತಾನಾಗಿ ನಡೆಯುವ ಬಿಲ್ಡ್ ಮತ್ತು ತಪಾಸಣೆ) ಒಂದು ಹಂತ ಹಾಕಿ: ಇಮ್ಯಾಕ್ಸನ್ನು ಬ್ಯಾಚ್ ಮೋಡ್‌ನಲ್ಲಿ ಓಡಿಸಿ ಎಲ್ಲ ಕಡತ ಟ್ಯಾಂಗಲ್ ಮಾಡಿಸಿ, ಬೆನ್ನಿಗೇ ಗಿಟ್ ಡಿಫ್‌ಗೆ ಎಕ್ಸಿಟ್-ಕೋಡ್ ಆಯ್ಕೆ ಕೊಡಿ. ಯಾರಾದರೂ ಹೊರಬಂದ ಫೈಲನ್ನು ನೇರ ತಿದ್ದಿ ಕಮಿಟ್ ಮಾಡಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಬ್ಯಾಚ್ ಮೋಡ್ ನಿಮ್ಮ ಇನಿಟ್ ಫೈಲ್ (ಸ್ವಂತ ಸೆಟ್ಟಿಂಗ್‌ಗಳ ಕಡತ) ಓದುವುದಿಲ್ಲ, ಆದ್ದರಿಂದ ಹೆಡರ್ ಆರ್ಗ್ಯುಮೆಂಟುಗಳೆಲ್ಲ ಆರ್ಗ್ ಕಡತದ ಪ್ರಾಪರ್ಟಿ ಸಾಲಿನಲ್ಲೇ ಇರಲಿ.