ಬಳ್ಳಾರಿಯಲ್ಲಿ ಕಾರ್ ಕಲಿಕೆ: ಕ್ಲಚ್ ಯಾರ ಕಾಲಡಿ ಇತ್ತು?

ಈ ಡ್ರೈವಿಂಗ್ ಸ್ಕೂಲಿನ ಹೆಸರು ಹಾಕುವುದಿಲ್ಲ. ಕಲಿಸಿದ ಅಣ್ಣ ಒಳ್ಳೆಯವನು, ಅವನ ಹೊಟ್ಟೆ ಮೇಲೆ ಹೊಡೆಯುವ ಮನಸ್ಸು ನನಗಿಲ್ಲ. ಆದರೆ ಊರಲ್ಲಿ ಕಾರ್ ಕಲಿಯುವವರು ದಿನಾ ಯಾರಾದರೂ ಇರುತ್ತಾರಲ್ಲ, ಅವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. 5ಕ್ಕೆ 3 ಸ್ಟಾರ್. ಆ 3 ಕೂಡ ಕೊನೆಯ 3 ದಿನಕ್ಕೆ.

ನನಗೀಗ 38. ಸ್ಕೂಟಿ ಬಿಟ್ಟು ಬೇರೇನೂ ಓಡಿಸಿದವಳಲ್ಲ. ಮನೆಯಲ್ಲಿ ಗೇರ್ ಇರುವ ವ್ಯಾಗನ್ ಆರ್ ಇದೆ. ಯಜಮಾನರು ತೋರಣಗಲ್ಲಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾರೆ, ಕಾರು ವಾರವಿಡೀ ಕವರ್ ಹೊದ್ದುಕೊಂಡು ನಿಂತಿರುತ್ತದೆ. ಅತ್ತೆಯವರನ್ನು ವಿಮ್ಸ್ ಆಸ್ಪತ್ರೆಗೆ ತೋರಿಸಲು ಆಟೋ ಹಿಡಿಯುವಾಗಲೆಲ್ಲ ಆ ಕವರ್ ನೋಡಿ ಹೊಟ್ಟೆ ಉರಿಯುತ್ತಿತ್ತು. "ಆಟೋಮ್ಯಾಟಿಕ್ ತಗೊಳ್ರಿ, ಎರಡೇ ಪೆಡಲ್, ತಲೆನೋವಿಲ್ಲ" ಅಂದರು ಪಕ್ಕದ ಮನೆಯವರು. ಚೆನ್ನಾಗಿರುವ ಕಾರು ಮಾರಿ ಮೇಲೆ ದುಡ್ಡು ಹಾಕುವುದು ಯಾರು?

ಫೀಸು 15 ದಿನಕ್ಕೆ 5,500 ರೂಪಾಯಿ, ದಿನಕ್ಕೆ ಅರ್ಧ ಗಂಟೆ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮೊದಲೇ ಮಾಡಿಸಿಕೊಂಡಿದ್ದೆ. ಅದು 6 ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು, ಹಾಗಾಗಿ ನನಗೇನೂ ಅವಸರ ಇರಲಿಲ್ಲ. ಒಂದು ವಿಷಯ ಮಾತ್ರ ಫೀಸು ಕಟ್ಟಿದ ಮೇಲೆ ಗೊತ್ತಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಸ್ವಂತಕ್ಕೆ ಕಾರು ಕಲಿಯುವವರಿಗೆ ಸ್ಕೂಲಿನವರು ಕನಿಷ್ಠ 21 ದಿನ ಕಲಿಸಬೇಕು, ಅದರಲ್ಲಿ ಗಾಡಿ ಓಡಿಸುವುದೇ 10 ಗಂಟೆ ಇರಬೇಕು. ಇವರ ಲೆಕ್ಕ ಕೂಡಿಸಿದರೆ ಏಳೂವರೆ ಗಂಟೆ. ಅದರಲ್ಲೂ ವಾರಕ್ಕೆರಡು ಸಲ "ಒಂದೇ ನಿಮಿಷ ಅಕ್ಕಾ" ಅಂತ ಅಣ್ಣ ಇಳಿದು ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದು ಬರುತ್ತಿದ್ದ. ನನಗೂ ಒಂದು ಪೊಟ್ಟಣ ತರುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಮಿರ್ಚಿ ಸೂಪರ್.

ಬೆಳಗ್ಗೆ 6:15ರ ಬ್ಯಾಚ್. ಮೇ ತಿಂಗಳ ಬಳ್ಳಾರಿ ಬಿಸಿಲು ಗೊತ್ತಲ್ಲ, ಅದಕ್ಕಿಂತ ತಡವಾದರೆ ಸ್ಟೇರಿಂಗ್ ಮುಟ್ಟೋಕಾಗಲ್ಲ, ಎಸಿ ಹಾಕುವ ಮಾತೇ ಇಲ್ಲ. ಮೊದಲ ಎರಡು ದಿನ ಕಂಟೋನ್ಮೆಂಟ್ ಕಡೆಯ ಖಾಲಿ ರಸ್ತೆಗಳು. ಮೂರನೇ ದಿನಕ್ಕೇ ರಾಯಲ್ ಸರ್ಕಲ್ ದಾಟಿಸಿಬಿಟ್ಟ. ಎಂಟನೇ ದಿನ ಹೊಸಪೇಟೆ ರೋಡು. ಅದಿರು ಲಾರಿ ಪಕ್ಕದಲ್ಲಿ ಹಾದುಹೋದಾಗ ಕಾರು ಅಲ್ಲಾಡುತ್ತದೆ, ಜೀವ ಬಾಯಿಗೆ ಬರುತ್ತದೆ, ಆದರೂ ನಾನು ಓಡಿಸಿದೆ. 12 ದಿನದಲ್ಲಿ ಗಾಡಿ ಒಂದೇ ಒಂದು ಸಲ ಆಫ್ ಆಗಲಿಲ್ಲ. "ಅಕ್ಕಾ, ನಿಮಗೆ ಬೇಗ ಬಂತು ನೋಡ್ರಿ" ಅಂದ. ನಾನೂ ನಂಬಿದೆ. ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಾಡಿದೆ.

ಭಾನುವಾರ ಕ್ಲಾಸ್ ಇರಲಿಲ್ಲ. ಮೈದುನನನ್ನು ಪಕ್ಕಕ್ಕೆ ಕೂರಿಸಿಕೊಂಡು ನಮ್ಮ ಕಾರಿನ ಕವರ್ ತೆಗೆದೆ. ಕ್ಲಚ್ ಒತ್ತಿದೆ, ಫಸ್ಟ್ ಹಾಕಿದೆ, ಬಿಟ್ಟೆ. ಕಪ್ಪೆ ಥರ ಒಂದು ಕುಪ್ಪಳ, ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಮನೆ ಮುಂದಿನಿಂದ ಬೀದಿ ತಿರುವಿನವರೆಗೆ 7 ಸಲ ಆಫ್ ಆಯಿತು. ಕಟ್ಟೆ ಮೇಲೆ ಕೂತಿದ್ದ ಅತ್ತೆ ಬೆರಳು ಮಡಚಿ ಎಣಿಸುತ್ತಿದ್ದರು, ಅದು ಬೇರೆ. "ಅತ್ತಿಗೆ, 12 ದಿನ ಏನು ಕಲಿಸಿದ ನಿಮಗೆ?" ಅಂದ ಮೈದುನ.

ಸೋಮವಾರ, ಅಂದರೆ 13ನೇ ದಿನ, ನಾನು ರಸ್ತೆ ನೋಡುವುದಕ್ಕಿಂತ ಜಾಸ್ತಿ ಅಣ್ಣನ ಕಾಲು ನೋಡಿದೆ. ಸ್ಕೂಲಿನ ಕಾರಲ್ಲಿ ಅವನ ಕಡೆಯೂ ಬ್ರೇಕು, ಕ್ಲಚ್ಚು ಇರುತ್ತವೆ. ಇರಲೇಬೇಕು, ಇಲ್ಲದಿದ್ದರೆ ನಾವು ಕಲಿಯುವವರು ಯಾರ ಮನೆ ಗೋಡೆಗೋ ಗುದ್ದುತ್ತೇವೆ. ಆದರೆ ಅವನ ಪೆಡಲ್ಲಿಗೂ ನನ್ನದಕ್ಕೂ ಜೋಡಣೆ ಇದೆ. ಅವನು ಒತ್ತಿದರೆ ನನ್ನದೂ ಕೆಳಗೆ ಹೋಗುತ್ತದೆ. ನಾನು ಅವಸರದಲ್ಲಿ ಕ್ಲಚ್ ಬಿಟ್ಟಾಗಲೆಲ್ಲ ಅವನ ಚಪ್ಪಲಿ ಮೆಲ್ಲಗೆ ಅಲ್ಲಿ ಹಿಡಿದುಕೊಂಡಿರುತ್ತಿತ್ತು! ಪೆಡಲ್ ತಾನಾಗೇ ನಿಧಾನವಾಗಿ ಮೇಲೆ ಬರುತ್ತಿದ್ದದ್ದು ನೋಡಿ ನಾನು ಅದನ್ನು ನನ್ನ ಕಾಲಿನ ಹದ ಅಂದುಕೊಂಡಿದ್ದೆ.

ಮೋಸ ಮಾಡಬೇಕು ಅಂತ ಮಾಡಿದ್ದಲ್ಲ ಬಿಡಿ. ದಿನಕ್ಕೆ ಹತ್ತಾರು ಜನರನ್ನು ಟ್ರಾಫಿಕ್ಕಲ್ಲಿ ಓಡಾಡಿಸುವವನಿಗೆ ಸರ್ಕಲ್ ಮಧ್ಯೆ ಗಾಡಿ ಆಫ್ ಆಗಿ ಹಿಂದಿನವರ ಹತ್ತಿರ ಬೈಸಿಕೊಳ್ಳುವುದು ಬೇಡ. ಕಾಲು ಅಭ್ಯಾಸದ ಮೇಲೆ ಹೋಗುತ್ತದೆ. ಆದರೆ ದುಡ್ಡು ಕೊಟ್ಟವಳು ನಾನು, ಅಲ್ವಾ?

ನೇರವಾಗಿ ಕೇಳಿದೆ. "ಅಣ್ಣಾ, ಕಾಲು ಮೇಲೆ ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತ್ಕೋ." ಅವನು ನಕ್ಕ. ಆಮೇಲೆ ನಾನು ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾಗಿ ಗಾಡಿಯನ್ನು ಒಂದು ಖಾಲಿ ಲೇಔಟಿಗೆ ತಿರುಗಿಸಲು ಹೇಳಿ, ನಿಜವಾಗಲೂ ಕಾಲು ಮಡಚಿ ಕೂತ. ಅವತ್ತು 11 ಸಲ ಆಫ್ ಆಯಿತು. ನನ್ನ ಪಾಲಿಗೆ ಕ್ಲಾಸ್ ಶುರುವಾಗಿದ್ದು ಅವತ್ತು.

ಕಲಿಸೋಕೆ ಬರುತ್ತದೆ ಅವನಿಗೆ, ಚೆನ್ನಾಗೇ ಬರುತ್ತದೆ. ಆಕ್ಸಿಲರೇಟರ್ ಮುಟ್ಟಲೇಬೇಡಿ ಅಂದ. ಸಮತಟ್ಟು ಜಾಗ, ಫಸ್ಟ್ ಗೇರ್, ಬರೀ ಕ್ಲಚ್ಚನ್ನು ಕೂದಲೆಳೆಯಷ್ಟು ಮೇಲೆ ಬಿಡುತ್ತಾ ಬರಬೇಕು. ಒಂದು ಜಾಗದಲ್ಲಿ ಇಂಜಿನ್ ಸದ್ದು ತಗ್ಗುತ್ತದೆ, ಗಾಡಿ ಸಣ್ಣಗೆ ನಡುಗುತ್ತದೆ. "ಅಲ್ಲೇ ನಿಲ್ಲಿಸ್ರಿ ಕಾಲು. ಪ್ಲೇಟ್ ಹಿಡಿತು ಈಗ." ಅಲ್ಲಿ ಎರಡು ಸೆಕೆಂಡ್ ತಡೆದರೆ ಗಾಡಿ ತಾನೇ ನಡೆಯಲು ಶುರು ಮಾಡುತ್ತದೆ. ಇಂಜಿನ್ ಯಾವಾಗಲೂ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ, ಎರಡನ್ನೂ ಆ ಕ್ಲಚ್ ಪ್ಲೇಟ್ ಸ್ವಲ್ಪ ಜಾರುತ್ತಾ ಜೊತೆಗೂಡಿಸಬೇಕು. ದಡಕ್ಕನೆ ಬಿಟ್ಟರೆ ನಿಂತ ಚಕ್ರವೇ ಇಂಜಿನ್ನನ್ನು ನಿಲ್ಲಿಸುತ್ತದೆ. ಇಷ್ಟೇ ವಿಷಯ. ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತು?

ನಮ್ಮ ಕಾರಲ್ಲಿ ಯಾಕೆ ಅಷ್ಟು ಬೇರೆ ಅನಿಸಿತು ಅಂತಲೂ ಕೇಳಿದೆ. ಸ್ಕೂಲ್ ಗಾಡಿಯ ಪ್ಲೇಟ್ ಸವೆದಿದೆ, ಸವೆದರೆ ಪೆಡಲ್ ಪೂರ್ತಿ ಮೇಲೆ ಬಂದಮೇಲೇ ಹಿಡಿಯುತ್ತದೆ. ಜಾಸ್ತಿ ಓಡದ ನಮ್ಮ ಗಾಡಿಯಲ್ಲಿ ಕೆಳಗೇ ಹಿಡಿಯುತ್ತದೆ ಅಂದ.

14ನೇ ದಿನ ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಮುಂದಕ್ಕೆ ಎತ್ತುವುದು. ಹ್ಯಾಂಡ್‌ಬ್ರೇಕ್ ಎಳೆದು, ಪ್ಲೇಟ್ ಹಿಡಿಯುವವರೆಗೆ ಕ್ಲಚ್ ಬಿಟ್ಟು, ಸ್ವಲ್ಪ ರೇಸ್ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಹಾಫ್ ಕ್ಲಚ್ಚಲ್ಲೇ ಜಾಸ್ತಿ ಹೊತ್ತು ಹಿಡಿದು ಸುಟ್ಟ ವಾಸನೆ ಬರಿಸಿದೆ. ಅಣ್ಣ ಮೂಗು ಮುಚ್ಚಿಕೊಂಡ, ಬೈಯಲಿಲ್ಲ. 15ನೇ ದಿನ ರಿವರ್ಸ್, ಅದು ಅರ್ಧಂಬರ್ಧ.

ನೀವೂ ಇಂಥ ಸ್ಕೂಲಿಗೆ ಸೇರುತ್ತೀರಾದರೆ ಸೇರಿ. ಫೀಸು ಕಟ್ಟುವ ಮೊದಲು ಎಷ್ಟು ದಿನ, ಎಷ್ಟು ಗಂಟೆ ಅಂತ ಬರೆಸಿಕೊಳ್ಳಿ, ಎರಡನೇ ದಿನದಿಂದಲೇ ಪಕ್ಕದವರ ಕಾಲು ನೋಡಿ. ಖಾಲಿ ಜಾಗದಲ್ಲಿ ಆಫ್ ಮಾಡಿಸಿಕೊಳ್ಳಿ, ನಾಚಿಕೆ ಬೇಡ.

ಕಳೆದ ಮಂಗಳವಾರ ಅತ್ತೆಯವರನ್ನು ವಿಮ್ಸ್‌ಗೆ ನಾನೇ ಕರೆದುಕೊಂಡು ಹೋದೆ. ಪಕ್ಕದಲ್ಲಿ ಮೈದುನ, ಗಾಡಿಗೆ ಹಿಂದೆ ಮುಂದೆ ಕೆಂಪು ಎಲ್. ಸುಧಾ ಕ್ರಾಸ್ ಹತ್ತಿರ ರೈಲ್ವೆ ಗೇಟ್ ಹಾಕಿತ್ತು. ತೆಗೆದ ತಕ್ಷಣ ಎಲ್ಲರೂ ಒಟ್ಟಿಗೆ ನುಗ್ಗಿದರು, ನನ್ನ ಗಾಡಿ ಆಫ್ ಆಯಿತು. ಆಟೋದವನು ಹಾರ್ನ್ ಹೊಡೆದ. ಹಿಂದಿನ ಸೀಟಿನಿಂದ ಅತ್ತೆ "ಒಂದು" ಅಂದರು.